ಹದಿಮೂರು ಸೀರೆ ಉದ್ದದ ಓಣಿಯ ಮೈಲಾರಪ್ಪ

ತಾನೊಂದು ಇಟ್ಟಂಗಿ ಬಗೆದರೆ ದೈವ ಇನ್ನೊಂದು ಇಟ್ಟಂಗಿ ಬಗೆಯಿತಂತೆ. ಗಾದೆ ಹೀಗಿಲ್ಲ ಎಂದು ತಕರಾರು ತೆಗೆಯುವವರು ಗಜೇಂದ್ರಗಡದ ಇಟ್ಟಂಗಿ ಏರಿಗೆ, ಇಟ್ಟಂಗಿ ಹಾಸಿದ ಈ ಇಳಿಜಾರಿನ ಓಣಿಗೆ, ಒಮ್ಮೆ ಬಂದು ಹೋಗಬೇಕು. ಇಲ್ಲಿ ಬಗೆಯುವುದೆಲ್ಲ ಸಬ್ಬಲಿನಿಂದಲೇ. ಮುಂದಿನದು ಖರೇ ಕತೆ.

ಬೆಳಗಿನ ಐದೂವರೆ. ಐವತ್ತೆಂಟರ ಮೈಲಾರಪ್ಪ ಚಪ್ಪಲಿ ಬಿಟ್ಟು, ಓಣಿಯ ತುದಿಯಿಂದ ಬುಡದವರೆಗೆ ಮೆಲ್ಲಗೆ ಇಳಿಯುತ್ತಾನೆ. ಅವನು ಕೆಳಗೆ ನೋಡುವುದೇ ಇಲ್ಲ. "ಸಡಿಲ ಹಲ್ಲು ನಾಲಿಗಿಗೆ ಗೊತ್ತಾಗಂಗಿಲ್ಲೇನ್ರಿ? ಹಂಗ ಸಡಿಲ ಇಟ್ಟಂಗಿ ಅಂಗಾಲಿಗೆ ಗೊತ್ತಾಗತೈತಿ" ಎನ್ನುತ್ತಾನೆ. ಅಂಗಾಲು ತಡೆದಲ್ಲಿ ಕೂತು, ಸಬ್ಬಲಿನಿಂದ ಇಟ್ಟಂಗಿ ಮೀಟಿ ಕಿತ್ತು, ತಳಕ್ಕೆ ಒಂದು ಹಿಡಿ ಉಸುಕು ಸುರಿದು, ಸವೆದ ಮುಖ ಕೆಳಗೆ ಮಾಡಿ ಮತ್ತೆ ಕೂರಿಸುತ್ತಾನೆ. ದಿನಕ್ಕೆ ನಲವತ್ತು ಇಟ್ಟಂಗಿ. ಹೀಗೆ ಮೂವತ್ತು ವರ್ಷ. ಮೊಣಕಾಲು ಎಂದೋ ಹೋಗಿವೆ, ಬೆರಳ ಉಗುರು ಮೂರೇ ಉಳಿದಿವೆ.

ಈ ಓಣಿ ಕಟ್ಟಿದವರು ಯಾರು? ಕೇಳಿದವರ ತಲೆ ಕೆಡುವುದು ಗ್ಯಾರಂಟಿ. ಇತಿಹಾಸ ಕಲಿಸಿ ನಿವೃತ್ತರಾದ ವಾಸುದೇವ ಮಾಸ್ತರರು ಮೂಗಿನ ತುದಿಗೆ ಕನ್ನಡಕ ಇಳಿಸಿ, "ಗಡದ ಕುದುರೆಗಳು ಜಾರಬಾರದೆಂದು, ತಿಳಿಯಿತೇ?" ಎನ್ನುತ್ತಾರೆ. ಇಟ್ಟಂಗಿ ಭಟ್ಟಿಯ ಮಹಮ್ಮದಸಾಬ ಹಣೆ ಚಚ್ಚಿಕೊಳ್ಳುತ್ತಾನೆ: "ಕುದರಿ ಎಲ್ಲೀದ್ರಿ? ನಮ್ಮಜ್ಜ ಬಾವಿ ಕಟ್ಟಾಕ ಸುಟ್ಟಿದ್ದ. ಬಾವ್ಯಾಗ ನೀರ ಬೀಳಲಿಲ್ಲ, ಇಟ್ಟಂಗಿ ಇಲ್ಲಿ ಬಿದ್ದೂವು." ಮಗ್ಗದ ಸುಶೀಲವ್ವನದು ಮೂರನೇ ಪಾಠ: "ಎರಿಮಣ್ಣ ನಮ್ಮ ನೂಲಿಗೆ ಹತ್ತಬಾರದಂತ ನಮ್ಮವರ ಹಾಸ್ಯಾರ." ಮೈಲಾರಪ್ಪ ಮೂವರಿಗೂ ಹೌದೆಂದು ತಲೆಯಾಡಿಸುತ್ತಾನೆ.

ಒಂದು ಮಾತಿನಲ್ಲಿ ಮಾತ್ರ ಓಣಿ ಒಂದಾಗುತ್ತದೆ. ಎಷ್ಟು ಉದ್ದ ಎಂದರೆ ಯಾರೂ ಮೀಟರು, ಫೂಟು ಹೇಳುವುದಿಲ್ಲ. "ಹದಿಮೂರು ಸೀರಿ" ಎನ್ನುತ್ತಾರೆ. ಬೆಳಗಾದರೆ ನೇಕಾರರು ಮಗ್ಗಕ್ಕೇರಿಸುವ ಉದ್ದನೆಯ ನೂಲಿನ ಹಾಸನ್ನು ಇಲ್ಲಿ ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಒಂದೊಂದು ಸೀರೆಯ ಅಳತೆಗೆ ಗೆರೆ ಕೊರೆದ ಒಂದೊಂದು ಇಟ್ಟಂಗಿ ಇದೆ. ಅದರ ನೇರಕ್ಕೆ ನೂಲಿಗೆ ನೀಲಿ ಗುರುತು ಹಾಕಿದರೆ ಒಂದು ಸೀರೆ ಮುಗಿಯಿತು.

ಕಳೆದ ತಿಂಗಳು ಸುಶೀಲವ್ವನ ಮನೆಯಲ್ಲಿ ಒಂದು ಸೀರೆ ಗೇಣು ಗಿಡ್ಡ, ಅದರ ಬೆನ್ನಿಗಿದ್ದದ್ದು ಗೇಣು ಉದ್ದ ಬಂತು. ಏಳನೇ ಗೆರೆ ಇಟ್ಟಂಗಿ ಜಾಗ ತಪ್ಪಿದೆ ಎಂದು ಆಕೆ ಹೇಳಿದರೆ, ಮೈಲಾರಪ್ಪ ಮೀಸೆಯಲ್ಲೇ ನಕ್ಕ: "ನನ್ನ ಕೈ ತಪ್ಪಂಗಿಲ್ಲ ಯಕ್ಕಾ. ನಿನ್ನ ಕಣ್ಣ ತಪ್ಪ್ಯಾವು." ಹಾಗಂದರೂ ಮರುದಿನ ಸದ್ದಿಲ್ಲದೆ ಅದನ್ನು ಸರಿಯಾದ ಜಾಗಕ್ಕೆ ಕೂರಿಸಿಯೂ ಬಿಟ್ಟ.

ಆಮೇಲೆ ಶುರುವಾಯಿತು ಗೊಂದಲ. ಸೋಮವಾರ ಬೆಳಿಗ್ಗೆ ಏಳನೇ ಗೆರೆ ಮೂರು ಸಾಲು ಮೇಲಿತ್ತು. ಇಳಿಸಿದ. ಮಂಗಳವಾರ ಎರಡು ಸಾಲು ಕೆಳಗಿತ್ತು. ಏರಿಸಿದ. ಬುಧವಾರ ಇದ್ದಲ್ಲೇ ಇತ್ತು. ಅದೇ ಅವನನ್ನು ಹೆಚ್ಚು ಹೆದರಿಸಿತು. "ಇಟ್ಟಂಗಿ ನಡೀತಾವೇನ?" ಎಂದು ಹೆಂಡತಿ ತಿಪ್ಪವ್ವನನ್ನು ಕೇಳಿದ. "ಇಟ್ಟಂಗಿ ನಡಿಯೂದಿಲ್ಲ, ನಿಮ್ಮ ತಲಿ ನಡದೈತಿ" ಎಂದು ಆಕೆ ರೊಟ್ಟಿ ಬಡಿಯತೊಡಗಿದಳು.

ತಿಪ್ಪವ್ವನಿಗೆ ಅದು ಚೇಷ್ಟೆ, ಅವನಿಗಲ್ಲ. ಅವನ ಅಪ್ಪ ಫಕ್ಕೀರಪ್ಪ ಇದೇ ವಯಸ್ಸಿನಲ್ಲಿ ಅಸೂಟಿಗೆಂದು ಬಸ್ಸು ಹತ್ತಿ ಜಕ್ಕಲಿಯಲ್ಲಿಳಿದು, ತನ್ನ ಊರಿನ ಹೆಸರು ನೆನಪಾಗದೆ ಸಂಜೆಯವರೆಗೆ ಕಟ್ಟೆ ಮೇಲೆ ಕೂತಿದ್ದ. ನೆನಪು ಮತ್ತೆ ಮರಳಲಿಲ್ಲ. ಜೊತೆಗೆ ಓಣಿಯವರು ಎಂದೋ ತೀರ್ಮಾನಿಸಿದ್ದಾರೆ: ಮೈಲಾರಪ್ಪನ ಕೈಲಾಗದ ದಿನ ಮೇಲಿಂದ ಕೆಳತನಕ ಕಾಂಕ್ರೀಟು.

ಗುರುವಾರ ಗೆರೆ ಮತ್ತೆ ನಾಲ್ಕು ಸಾಲು ಕೆಳಗೆ. ಮೈಲಾರಪ್ಪ ಅದನ್ನು ಮುಟ್ಟಲಿಲ್ಲ. ಹಾಸು ಹಿಡಿದು ನಿಂತಿದ್ದ ಎಂಟು ಮಂದಿಯನ್ನು ದಾಟಿ, ಸುಶೀಲವ್ವನ ಮುಂದೆ ಸಬ್ಬಲು ಇಟ್ಟ.

"ಯಕ್ಕಾ, ಅವತ್ತ ತಪ್ಪಿದ್ದು ನನ್ನ ಕೈನ. ನಿನ್ನ ಕಣ್ಣಲ್ಲ. ಈಗ ತಲೀನೂ ತಪ್ಪೇತಿ. ನಮ್ಮಪ್ಪಗ ಬಂದದ್ದು ನನಗೂ ಬಂತು. ಕಾಂಕ್ರೀಟ್ ಹಾಕಿಸ್ಕೋರಿ."

ಗಂಜಿಯ ಕುಂಚ ಸುಶೀಲವ್ವನ ಕೈಯಲ್ಲೇ ನಿಂತಿತು. ನಗಬೇಕೆಂದು ನಾಲ್ಕು ದಿನ ಕಾದಿದ್ದ ಮುಖ ಬಾಡಿಹೋಯಿತು.

"ಏ ತಮ್ಮಾ, ನಿನ್ನ ತಲಿ ಅಲ್ಲೋ! ದಿನಾ ಸಂಜಿಗೆ ನೀ ಮನಿಗೆ ಹೋದ ಮ್ಯಾಲೆ ನಾನ ಆ ಇಟ್ಟಂಗಿ ಸರಸತಿದ್ದೆ. ಕಣ್ಣ ತಪ್ಪ್ಯಾವು ಅಂದಿದ್ಯಲ್ಲ, ಸಿಟ್ಟು ಬಂದಿತ್ತು. ಇಕಾ, ಉಗರಾಗ ಇನ್ನೂ ಉಸುಕೈತಿ ನೋಡು."

"ಬುಧವಾರ?"

"ಅದರ ಹಿಂದಿನ ಸಂಜಿಗೆ ನಡಾ ಹಿಡಿದಿತ್ತೋ ಯಪ್ಪಾ, ಬಗ್ಗಾಕ ಆಗಲಿಲ್ಲ."

ಮೈಲಾರಪ್ಪ ಆ ಉಗುರುಗಳನ್ನು ನೋಡಿದ, ಗೆರೆ ಇಟ್ಟಂಗಿ ನೋಡಿದ, ಎರಡೂ ಕೈಯಿಂದ ತನ್ನ ತಲೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡ.

"ಹಂಗಾರ ಇದು ಚಲೋ ಐತಿ!"

ಅಷ್ಟಂದು ನಗಲು ಹತ್ತಿದ. ಮೊದಲು ಭುಜ, ಆಮೇಲೆ ಹೊಟ್ಟೆ, ಕಡೆಗೆ ಇಳಿಜಾರಿನಲ್ಲೇ ಕುಸಿದು ಕೂತು ಕಣ್ಣೊರೆಸಿಕೊಳ್ಳುತ್ತ ನಕ್ಕ. ಹಾಸು ಹಿಡಿದ ಎಂಟೂ ಮಂದಿ ನಕ್ಕರು, ಹದಿಮೂರು ಸೀರೆಯ ನೂಲು ಗಾಳಿಯಲ್ಲಿ ಕುಣಿಯಿತು. "ಸಾಕೋ ಮೈಲಾರಿ, ಎಳಿ ಹರೀತಾವು!" ಎಂದು ಸುಶೀಲವ್ವ ಕೂಗಿದಳು. ಆತನ ನಗುವಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.