ಕರಾಟೆ ಮಾಸ್ತರರನ್ನು ಬೇಲಿಗೆ ಅಟ್ಟಿದ್ದು

ಮೊಮ್ಮಕ್ಕಳೇ, ಪಲ್ಲವಿ, ವಿನಾಯಕ, ನನ್ನ ಕೂಗಿಗೆ ಕರಾಟೆ ಮಾಸ್ತರರೇ ಬೆಚ್ಚಿ ಹಿಂದೆ ಸರಿದರು!

ಆಗ ನಿಮ್ಮ ಅಮ್ಮ, ನನ್ನ ಮಗಳು ಸುಧಾ, ಕಾಲೇಜು ಹುಡುಗಿ. ಅಂಕೋಲೆಯಲ್ಲಿ ಹೊಸದಾಗಿ ಶುರುವಾದ ಕರಾಟೆ ಕ್ಲಾಸಿಗೆ ಅವಳೊಬ್ಬಳನ್ನೇ ಕಳಿಸಲು ಹೆದರಿ ನಾನೂ ಹೋಗುತ್ತಿದ್ದೆ. ಸುಮ್ಮನೆ ಕೂತವಳನ್ನು ಮಾಸ್ತರರು ಸಾಲಿನಲ್ಲಿ ನಿಲ್ಲಿಸಿಬಿಟ್ಟರು. ಸೀರೆ ಎತ್ತಿಕಟ್ಟಿ ಮುಷ್ಟಿ ಬೀಸುವುದೇನೋ ಬಂತು. ಆದರೆ ಗುದ್ದಿನ ಜೊತೆ ಕೂಗಲೂ ಬೇಕಲ್ಲ! ನಿಮ್ಮ ಅಜ್ಜ ತೀರಿಹೋದ ಮೇಲೆ ನನ್ನ ದನಿ ಹೊಸ್ತಿಲು ದಾಟಿರಲಿಲ್ಲ. ಎಷ್ಟೋ ದಿನ ಬರೀ ಬಾಯಿ ತೆರೆದು ಮುಚ್ಚಿದ ಮೇಲೆ, ಒಂದು ದಿನ, ಇವತ್ತೂ ಕೂಗಲಾಗದಿದ್ದರೆ ಕ್ಲಾಸು ಬಿಡುವುದೆಂದು ನಿಶ್ಚಯಿಸಿ ಹೋದೆ.

“ಅಕ್ಕಾ, ದನಿ ಮನೇಲಿಟ್ಟು ಬಂದ್ರಾ?” ಎಂದರು ಮಾಸ್ತರರು.

ಪಕ್ಕದಲ್ಲಿದ್ದ ಸುಧಾ, “ಆಯಿ, ಗದ್ದೆಗೆ ಹಂದಿ ಬಿದ್ದದೆ ಅಂತ ತಿಳ್ಕೋ!” ಎಂದಳು.

“ಹೂಯ್ಯೋ... ಹೂಯ್!” ರಾತ್ರಿಯೆಲ್ಲ ಭತ್ತ ಕಾಯುತ್ತಿದ್ದ ದಿನಗಳ ಕೂಗು ಹೊಟ್ಟೆಯಿಂದಲೇ ಎದ್ದುಬಂತು. ಹಂದಿಗೆ ಕೂಗಿ ಸುಮ್ಮನೆ ನಿಂತು ರೂಢಿಯೇ ಇಲ್ಲವಲ್ಲ, ಮಾಸ್ತರರನ್ನು ಮೈದಾನದ ಬೇಲಿಯವರೆಗೂ ಅಟ್ಟಿಸಿಕೊಂಡು ಓಡಿದೆ! ಹುಡುಗಿಯರು ನೆಲಕ್ಕೆ ಬಿದ್ದು ನಕ್ಕರು. ಬೇಲಿಗೆ ಒರಗಿ ನಿಂತ ಮಾಸ್ತರರೂ ನಕ್ಕರು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅಲ್ಲಿಯವರೆಗೆ ನಮ್ಮೂರು ಬೆಳಂಬಾರದ ಬಸ್ಸಿಗೆ ಸುಧಾಳೇ ಕೈ ಮಾಡಬೇಕಿತ್ತು. ಅಂದು ಸಂಜೆ ನಾನೇ ಕೂಗಿ ನಿಲ್ಲಿಸಿದೆ. ಮಕ್ಕಳೇ, ನಿಮಗೆಂದು ಬರೆದ ಈ ಪುಟವನ್ನು ಜೋಪಾನವಾಗಿಡಿ.