ಕಂಪೌಂಡ್ ಅಂದರೆ ಕಾಯುವುದು

ಖಾನಾಪುರದ ನಮ್ಮ ಓಣಿಯಲ್ಲಿ ಕಾರು ಬಂದು ನಿಂತರೆ, ಯಾರದೋ ಮನೆಗೆ ಡಾಕ್ಟರು ಬಂದಿರಬೇಕು, ಇಲ್ಲವೇ ಗೋವಾದ ಬೀಗರು ಬಂದಿರಬೇಕು ಎಂದು ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದ ದಿನಗಳು ಅವು. ಅಂಥದ್ದರಲ್ಲಿ ನಮ್ಮ ಮನೆ ಮುಂದೆ ದಿನವೂ ಒಂದು ಕಾರು ನಿಂತಿರುತ್ತಿತ್ತು. ಗಾಢ ಕೆಂಪು ಬಣ್ಣದ್ದು, ಹಳೆಯದು. ಹಂಚಿನ ಕಾರ್ಖಾನೆಯಲ್ಲಿ ಆಳುಗಳ ಮುಕಾದಮನಾಗಿದ್ದ ಅಪ್ಪನಿಗೆ ಕಾರು ಯಾಕೆ ಬೇಕಿತ್ತು ಎಂದು ಅವ್ವ ಕಡೆಯವರೆಗೂ ಕೇಳುತ್ತಲೇ ಇದ್ದಳು. "ಬೆಳಗಾವಿ ಡಾಕ್ಟರ್ ಒಬ್ರು ಇಟ್ಟಿದ್ದ ಗಾಡಿ. ಒಂದ ಕೈಯಾಗ ಇತ್ತು" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ನಾವೂ ಹೇಳುತ್ತಿದ್ದೆವು. ಹೇಳಿ ಹೇಳಿ ಆ ಡಾಕ್ಟರು ನಮಗೆ ಬಳಗದವರೇ ಆಗಿಬಿಟ್ಟಿದ್ದರು.

ನನಗೆ ಹನ್ನೊಂದು ವರ್ಷವಾದ ಬೇಸಿಗೆಯಲ್ಲಿ ಅಕ್ಕನಿಗೆ ಪಾರಿಶ್ವಾಡದ ಸಂಬಂಧ ಬಂತು. ಹುಡುಗ ಇಂಗ್ಲಿಷ್ ಮಾಸ್ತರ. ಅಕ್ಕನಿಗೆ ಅವನು ಮನಸ್ಸಿಗೆ ಬಂದಿದ್ದ. ನನಗೆ ಹೇಗೆ ಗೊತ್ತೆಂದರೆ, ಪಾರಿಶ್ವಾಡದ ಬಸ್ಸು ಹಾಯುವ ಹೊತ್ತಿಗೆ ಸರಿಯಾಗಿ ಆಕೆ ಗುಡಿಸಿದ ಅಂಗಳವನ್ನೇ ಮತ್ತೊಮ್ಮೆ ಗುಡಿಸುತ್ತಿದ್ದಳು. ಲಗ್ನವಾದ ಮೇಲೆ ಕಾರು ಅಳಿಯನಿಗೆ ಎಂದು ಅಪ್ಪ ಮಾತು ಕೊಟ್ಟಿದ್ದ. ಜೂನಿನ ಮಿರಗದ ಮಳೆ ಕೂಡುವುದರೊಳಗೆ ಹುಡುಗನ ಕಡೆಯವರು ಬಂದು ಕಾರು ನೋಡಿ, ತಾರೀಖು ಗೊತ್ತುಮಾಡಿಕೊಂಡು ಹೋಗುವುದೆಂದು ಮಾತಾಯಿತು.

ಕಾರು ಮಂಕಾಗಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಬೆಳಗಾವಿಯ ಆಟೋ ನಗರಕ್ಕೆ ಹೋದ. ಬಣ್ಣದ ವಾಸನೆಗೆ ತಲೆ ತಿರುಗುವಂಥ ಒಂದು ಅಂಗಡಿಯಲ್ಲಿ, "ಮಳಿಗಾಲದಾಗ ಬಣ್ಣ ಕಾಯೂವಂಥ ಪಾಲಿಶ್ ಕೊಡ್ರಿ" ಎಂದ. ಅಂಗಡಿಯ ಚಾಚಾ ಎರಡು ಡಬ್ಬಿ ಇಟ್ಟು, "ದೋನೂ ಪಾಲಿಶೇ ಐತ್ರಿ, ನೋಡಿ ತೊಗೋರಿ" ಎಂದು ಬೇರೆ ಗಿರಾಕಿಯ ಕಡೆ ತಿರುಗಿದರು. ಅಪ್ಪ ಕಲಿತದ್ದು ಮರಾಠಿ ಸಾಲಿ. ಇಂಗ್ಲಿಷ್ ಅಕ್ಷರ ಮನೆಯಲ್ಲಿ ಬರುತ್ತಿದ್ದುದು ನನಗೊಬ್ಬಳಿಗೇ.

"ಓದವಾ, ಕಾಯೂದು ಯಾವುದು?" ಎಂದ.

ಒಂದರ ಮೇಲೆ ವ್ಯಾಕ್ಸ್ ಎಂದಿತ್ತು. ಅದರ ಅರ್ಥ ನನಗೆ ಗೊತ್ತಿತ್ತು, ಮೇಣ. ಮೇಣ ಬಿಸಿಲಿಗೆ ಕರಗಿಹೋಗುತ್ತದೆ. ಇನ್ನೊಂದರ ಮೇಲೆ ರಬ್ಬಿಂಗ್ ಕಂಪೌಂಡ್ ಎಂದಿತ್ತು. ರಬ್ಬಿಂಗ್ ಎಂದರೆ ತಿಕ್ಕುವುದು. ಕಂಪೌಂಡ್ ಯಾರಿಗೆ ಗೊತ್ತಿಲ್ಲ? ನಮ್ಮ ಸಾಲಿಗೂ ಇತ್ತು, ಕಾರ್ಖಾನೆಗೂ ಇತ್ತು. ದನ ಒಳಗೆ ಬಾರದ ಹಾಗೆ ಕಟ್ಟುವ ಗೋಡೆ.

"ಇದು ಅಪ್ಪಾ. ಕಂಪೌಂಡ್ ಅಂತ ಬರದಾರ."

"ಖರೇ ಅದ. ಕಂಪೌಂಡ್ ಅಂದ್ರ ಕಾಯೂದ" ಎಂದು ಅಪ್ಪ ನನ್ನ ಬೆನ್ನು ಚಪ್ಪರಿಸಿದ. ಬಸ್ ಸ್ಟ್ಯಾಂಡಿನಲ್ಲಿ ಕುಂದಾ ಕೊಡಿಸಿದ. ಡಬ್ಬಿಯನ್ನು ಊರತನಕ ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಆಮೇಲೆ ನನಗೆ ಕುಂಟಲಿಪಿಯೂ ಬೇಡ, ಗೇರುಬೀಜದ ಆಟವೂ ಬೇಡ. ದಿನವೂ ಮುಂಜಾನೆ ಅವ್ವನ ಹಳೆಯ ಸೀರೆಯ ತುಂಡಿಗೆ ಆ ಬಿಳಿ ಲೇಪ ಹಚ್ಚಿ ಕಾರು ತಿಕ್ಕುವುದು. ಸೀಮೆಎಣ್ಣೆಯಂಥ ಅದರ ವಾಸನೆ ಉಣ್ಣುವಾಗಲೂ ಕೈ ಬಿಡುತ್ತಿರಲಿಲ್ಲ. ತಿಕ್ಕಿದಲ್ಲೆಲ್ಲ ಮುಖ ಕಾಣುವಂಥ ಹೊಳಪು. ಅಕ್ಕ ಬಂದು ಬಗ್ಗಿ ಅದರಲ್ಲಿ ಹಣೆಯ ಕುಂಕುಮ ತಿದ್ದಿಕೊಳ್ಳುತ್ತಿದ್ದಳು. "ತಿಕ್ಕೂ ಅರಿವಿಗೆ ಬಣ್ಣ ಹತ್ತಾಕತ್ತೈತಲ್ಲ" ಎಂದು ಅವ್ವ ಒಮ್ಮೆ ಕೇಳಿದಳು. "ಹೊಲಸು ಬಿಡಾಕತ್ತೈತಿ, ನಿನಗೇನ ತಿಳೀತದ" ಎಂದು ಅಪ್ಪ ಆಕೆಯ ಬಾಯಿ ಮುಚ್ಚಿಸಿದ.

ಅವರು ಬರುವ ದಿನ ಮುಂಜಾನೆ ಅಪ್ಪ ಕಾರಿಗೆ ಪೂಜೆ ಮಾಡಿದ. ಒಳಗೆ ಶಿರಾಕ್ಕೆ ರವೆ ಹುರಿಯುವ ಘಮ. ನಾನು ಸ್ಟೂಲಿನ ಮೇಲೆ ನಿಂತು, ಕಾರಿನ ಬಾಗಿಲ ಮೇಲಿನ ಛಾವಣಿಯ ಅಂಚಿಗೆ ಕಡೆಯ ಕೈ ಹಾಕುತ್ತಿದ್ದೆ. ಅಂಚಿನ ಉದ್ದಕ್ಕೂ ಒಂದು ಹಳದಿ ಗೆರೆ ಕಂಡಿತು. ಪೂಜೆಯ ಅರಿಷಿಣ ಹತ್ತಿದೆ ಎಂದುಕೊಂಡೆ. ತಿಕ್ಕಿದೆ. ಗೆರೆ ಅಗಲವಾಯಿತು. ಇನ್ನೂ ಗಟ್ಟಿಯಾಗಿ ತಿಕ್ಕಿದೆ. ಬೀಗರು ಓಣಿಯಲ್ಲಿ ಬರುವಾಗಲೂ ತಿಕ್ಕುತ್ತಲೇ ಇದ್ದೆ.

ಹುಡುಗನ ಸೋದರಮಾವ ಚಹಾ ಕುಡಿದವನೇ ಕಾರಿನ ಸುತ್ತ ಒಂದು ಸುತ್ತು ಬಂದ. ಹಳದಿಯ ಮುಂದೆ ನಿಂತ. ಆಮೇಲೆ ಬಾಗಿಲ ಕೆಳಗಿನ ಅಂಚನ್ನು ಕೀಲಿಯಿಂದ ಕೆರೆದ. ಅಲ್ಲಿ ಕಪ್ಪು.

"ಮ್ಯಾಲ ಹಳದಿ, ತಳಗ ಕರೇದು. ಮುಂಬೈ ಟ್ಯಾಕ್ಸಿ ಐತಲ್ರಿ ಇದು. ಡಾಕ್ಟರ್ ಗಾಡಿ ಅಂದಿದ್ರಿ."

ಮಾಸ್ತರ ಕೆಳಗಿದ್ದ ಡಬ್ಬಿ ಎತ್ತಿ ಓದಿದ. ನನ್ನ ಕಡೆ ನೋಡಿ ಮೆಲ್ಲಗೆ, "ಇದು ಬಣ್ಣ ಸವಸೂದವಾ. ಎಂದಾರ ಒಮ್ಮೆ ಹಗೂರಕ ತಿಕ್ಕಬೇಕು. ಕಾಯೂದು ಮೇಣದ್ದು" ಎಂದ. ಸೋದರಮಾವ ಅವನನ್ನು ಸುಮ್ಮನಿರಿಸಿ ಅಪ್ಪನ ಕಡೆ ತಿರುಗಿದ.

"ಗಾಡಿಗೆ ಬಣ್ಣ ಬಳದು ತೋರ್ಸಾವ್ರು ನೀವು. ಹುಡುಗೀದು ಏನ ಮುಚ್ಚೀರಿ, ಅದನ್ನಷ್ಟು ಹೇಳಿಬಿಡ್ರಿ."

ಅಕ್ಕ ಬಾಗಿಲಲ್ಲಿ ಶಿರಾದ ತಾಟು ಹಿಡಿದು ನಿಂತಿದ್ದಳು. ಎಲ್ಲರೂ ಅಪ್ಪನನ್ನೇ ನೋಡಿದೆವು.

"ನನಗೇನ ಗೊತ್ತ್ರಿ. ಮಾರಿದಾಂವ ಮೋಸ ಮಾಡ್ಯಾನ. ಈ ಹುಡುಗಿ ಬ್ಯಾರೆ ಸುಳ್ಳ ಓದಿ, ತಿಕ್ಕಿ ತಿಕ್ಕಿ ಕೆಡಿಸ್ಯಾಳ" ಎಂದು ಅಪ್ಪ ನನಗೆ ಕಪಾಳಕ್ಕೆ ಹೊಡೆದ. ಅವರು ಶಿರಾ ಮುಟ್ಟದೆ ಎದ್ದು ಹೋದರು.

ಆ ಮಾತು ಊರೆಲ್ಲ ತಿರುಗಿತು. ಆ ಹುಡುಗಿಯಲ್ಲಿ ಏನೋ ಐಬು ಇದೆಯಂತೆ ಎಂದು ಬಂದ ಸಂಬಂಧಗಳೆಲ್ಲ ಹಿಂದೆ ಸರಿದವು. ನಾಲ್ಕು ವರ್ಷದ ಮೇಲೆ ಅಕ್ಕನನ್ನು ಜಾಂಬೋಟಿಯ ಕಡೆ, ಹೆಂಡತಿ ಸತ್ತ, ಎರಡು ಮಕ್ಕಳಿದ್ದ ಒಬ್ಬನಿಗೆ ಕೊಟ್ಟರು. ಆಕೆ ತವರಿಗೆ ಬಂದರೆ ಕೂತ ಜಾಗ ಬೆಚ್ಚಗಾಗುವುದರೊಳಗೆ ಎದ್ದು ಹೊರಡುತ್ತಿದ್ದಳು. ಅದಕ್ಕೆಲ್ಲ ನಾನೇ ಕಾರಣ ಎಂಬುದು ನಮ್ಮ ಮನೆಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಅಪ್ಪ ಮಾತ್ರ, "ಹೋಗ್ಲಿ ಬಿಡವಾ, ಸಣ್ಣಾಕಿ ಇದ್ದಿ, ನಾ ಯಾವಾಗೋ ಮರ್ತೇನಿ" ಎನ್ನುತ್ತಿದ್ದ.

ಹೋದ ವರ್ಷ ಜಾಂಬೋಟಿಗೆ ಹೋದಾಗ ಧೈರ್ಯ ಮಾಡಿ ಹೇಳಿದೆ. "ಅಕ್ಕಾ, ನನ್ನ ಕೈಯಿಂದ ನಿನ್ನ ಬಾಳೇ ಕೆಟ್ಟು ಹೋತು." ಅಕ್ಕ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಹುಚ್ಚಿ. ಆ ಗಾಡಿ ಊರಿಗೆ ತರೂ ಮೊದಲ ಅದಕ್ಕ ಕೆಂಪ ಬಣ್ಣ ಹೊಡಿಸಿದಾಂವ ಅಪ್ಪನೇ. ಆಟೋ ನಗರದಾಗ. ಬುತ್ತಿ ಕಟಗೊಂಡು ನಾನೂ ಜೋಡಿ ಹೋಗಿದ್ದೆ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದ. ಅವತ್ತ 'ನಾ ಹೊಡಿಸೇನಿ, ನನ್ನ ಮಗಳಾಗ ಏನೂ ಐಬಿಲ್ಲ' ಅಂತ ಒಂದ ಮಾತ ಅಂದಿದ್ರ ಸಾಕಿತ್ತು. ಆ ಮಾಸ್ತರ ಅದನ್ನ ಕಾಯಾಕತ್ತಿದ್ದ. ನಾನೂ ಕಾಯಾಕತ್ತಿದ್ದೆ."

ಮತ್ತೆ ಮೊರ ಎತ್ತಿಕೊಂಡಳು. 

ಅಪ್ಪ ಅಷ್ಟರಲ್ಲಿ ತೀರಿಹೋಗಿದ್ದ. ತನ್ನ ಕಡೆಯ ಎರಡು ವರ್ಷ ನನ್ನ ಮನೆಯಲ್ಲೇ ಇದ್ದ. ಹೊಲಸು ತೊಳೆದೆ, ತುತ್ತು ಮಾಡಿ ಉಣಿಸಿದೆ, ಒಂದು ದಿನವೂ ಬೇಸರ ಮಾಡಲಿಲ್ಲ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡ ಮನುಷ್ಯ, ಎಷ್ಟು ಮಾಡಿದರೂ ಕಡಿಮೆಯೇ ಎಂದುಕೊಂಡಿದ್ದೆ.