ಸೊನ್ನೆ ತೋರಿಸಿದ ಕೋಣೆ

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಕಷ್ಟಪಟ್ಟೇ ಓದಿದ್ದು. ಆದರೂ ಆಫೀಸಿನಲ್ಲಿ ಯಾರೋ ಬಂದು 'ಏಳು, ಇದು ನಿನ್ನ ಕುರ್ಚಿಯಲ್ಲ' ಎಂದುಬಿಡುತ್ತಾರೆಂಬ ಅಂಜಿಕೆ ಹೋಗಿರಲಿಲ್ಲ. ಅದಕ್ಕಿಂತ ದೊಡ್ಡ ಭಯ ಕಂಡದ್ದು ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ, ಔಷಧಿ ಇಡುವ ಒಂದು ತಣ್ಣನೆ ಕೋಣೆಯ ಮುಂದೆ.

ಕೋಣೆಯ ಚಳಿಯನ್ನು ಹದದಲ್ಲಿಡುವ ನಮ್ಮ ಪ್ರೋಗ್ರಾಮನ್ನು ಚಾಲೂ ಮಾಡಲು ಸಿಡ್ನಿಯಿಂದ ನನ್ನೊಬ್ಬನನ್ನೇ ಕಳಿಸಿದ್ದರು. ಅದರೊಳಗೆ ಸರಾಸರಿ ತೆಗೆಯುವ ಫಂಕ್ಷನ್ ಬರೆದವರು ನಮ್ಮ ಸೀನಿಯರ್, ಉಡುಪಿ ಕಡೆಯವರು; ನನಗೆ ಕೆಲಸ ಕೊಡಿಸಿದವರೂ ಅವರೇ. ಕೂಡಿಸಲು, ಭಾಗಿಸಲು ಬಂದರೆ ಸಾಕು, ಯಾವ ಬಗೆಯ ಸಂಖ್ಯೆಯೂ ಅದರೊಳಗೆ ಹೋಗಬಹುದು. ಈ ಷರತ್ತಿಗೆ ನಾವು ಪ್ರೋಗ್ರಾಮ್ ಬರೆಯುವ ಭಾಷೆಯಲ್ಲಿ ಟ್ರೇಟ್ ಎನ್ನುತ್ತಾರೆ.

ಚಾಲೂ ಮಾಡಿದೆ. ಬಾಗಿಲ ಮೇಲಿನ ಉಷ್ಣಮಾಪಕದ ಮುಳ್ಳು ನಾಲ್ಕು ಡಿಗ್ರಿ ತೋರಿಸುತ್ತಿತ್ತು. ಪರದೆಯ ಮೇಲೆ ಸರಾಸರಿ ಸೊನ್ನೆ. ವಿಪರೀತ ಚಳಿಯೆಂದುಕೊಂಡ ಪ್ರೋಗ್ರಾಮ್, ಕೋಣೆ ತಂಪು ಮಾಡುವ ಕಂಪ್ರೆಸರನ್ನೇ ನಿಲ್ಲಿಸಿಬಿಟ್ಟಿತು.

"ಏನಪ್ಪಾ, ಸದ್ದೇ ನಿಂತೋಯ್ತಲ್ಲ?" ಎಂದರು ಅಲ್ಲಿನ ಸೂಪರ್‌ವೈಸರ್, ಮೈಸೂರಿನ ಆಂಟಿ. "ಒಳಗೆ ಪೂರ್ತಿ ಇನ್ಸುಲಿನ್ ಇದೆ. ಎಂಟು ಡಿಗ್ರಿ ದಾಟಿದ್ರೆ ಅಷ್ಟೂ ಬಿಸಾಕ್ಬೇಕು. ನನ್ ಮಗಳಿಗೂ ಇಲ್ಲಿಂದಾನೇ ಬರೋದು."

ಸಿಡ್ನಿಯ ಎಪ್ಪಿಂಗ್‌ನಲ್ಲಿದ್ದ ಸೀನಿಯರ್‌ಗೆ ಫೋನ್ ಮಾಡಿದೆ.

"ಎಂತ ಮಾರಾಯ, ಚಾಲೂ ಆಯ್ತಾ?"

"ಮೇಡಂ, ಆವರೇಜ್ ಸೊನ್ನೆ ಬರ್ತಿದೆ."

"ಸೆನ್ಸರ್ ಹಾಳಾಗಿರ್ಬೇಕು. ನನ್ನ ಫಂಕ್ಷನ್ ಸಿಡ್ನಿಯಲ್ಲಿ ಚಂದ ಓಡ್ತಾ ಉಂಟು. ಏನೂ ಮುಟ್ಬೇಡ, ಮೀಟಿಂಗ್ ಮುಗಿಸಿ ನೋಡ್ತೇನೆ." ಇಟ್ಟುಬಿಟ್ಟರು.

ಮುಳ್ಳು ಐದಕ್ಕೆ ಬಂದಿತ್ತು. ಸಿಡ್ನಿಯ ಸೆನ್ಸರ್‌ಗಳು ಕಳಿಸುವುದು ದಶಮಾಂಶ ಸಂಖ್ಯೆ. ಇಲ್ಲಿನ ಹಳೆಯವು ಏನು ಕಳಿಸುತ್ತಿವೆ ಎಂದು ತೆರೆದು ನೋಡಿದೆ. ಎಂಟು ಬಿಟ್‌ಗಳ, ಅಂದರೆ ತೀರಾ ಚಿಕ್ಕ ಜಾಗದ, ಪೂರ್ಣಾಂಕ. ಅದರಲ್ಲಿ ನೂರಿಪ್ಪತ್ತೇಳರ ಮೇಲೆ ಜಾಗವಿಲ್ಲ. ಸರಾಸರಿಗೆ ನಾವು ತೆಗೆದುಕೊಳ್ಳುವುದು ಒಂದು ನಿಮಿಷದ ಅರವತ್ತು ಅಳತೆ; ಅರವತ್ತು ಸಲ ನಾಲ್ಕು ಕೂಡಿದರೆ ಇನ್ನೂರನಲವತ್ತು. ಅದು ಹಿಡಿಸದೆ ಸುತ್ತು ಹೊಡೆದು ಮೈನಸ್ ಹದಿನಾರಾಗುತ್ತದೆ. ಅರವತ್ತರಿಂದ ಭಾಗಿಸಿ ಚೂರು ಬಿಟ್ಟರೆ ಸೊನ್ನೆ. ಆಫೀಸಿನಲ್ಲಿ ಪರೀಕ್ಷೆಗೆ ಓಡಿಸುವ ಪ್ರೋಗ್ರಾಮ್ ಇಂಥಲ್ಲಿ ಕಿರುಚಿ ನಿಲ್ಲುತ್ತದೆ. ಗಿರಾಕಿಗೆ ಕೊಡುವುದರಲ್ಲಿ ಆ ತಪಾಸಣೆ ಇರುವುದಿಲ್ಲ. ಅದು ತಪ್ಪು ಲೆಕ್ಕವನ್ನೇ ನಂಬಿ ಮುಂದೆ ಹೋಗುತ್ತದೆ.

ಮುಳ್ಳು ಆರು. ಮುಟ್ಟಬೇಡ ಎಂದವರು ನನಗೆ ಅನ್ನ ಕೊಟ್ಟವರು.

"ಆಂಟಿ, ಕಂಪ್ರೆಸರ್ ಮ್ಯಾನ್ಯುಯಲ್‌ಗೆ ಹಾಕಿ, ಈಗ್ಲೇ. ತಪ್ಪು ನಮ್ದು."

ಕಂಪ್ರೆಸರ್ ಗುರುಗುಟ್ಟಿತು. ಮುಳ್ಳು ಮಾತ್ರ ಏರುತ್ತಲೇ ಇತ್ತು. ಏಳು ದಾಟಿತು. ಎಂಟಕ್ಕೆ ಕೂದಲೆಳೆಯಷ್ಟು ಈಚೆ ನಿಂತಿತು.

ಮತ್ತೆ ಫೋನ್ ಮಾಡಿದೆ. "ಮೇಡಂ, ನೀವು ಬೇಡ ಅಂದ್ರಿ, ನಾನು ಪ್ರೋಗ್ರಾಮ್ ಬಿಟ್ಟು ಮ್ಯಾನ್ಯುಯಲ್‌ಗೆ ಹಾಕಿಸ್ದೆ. ಸೆನ್ಸರ್ ಸರಿಯಿದೆ. ಅದು ಕಳಿಸ್ತಿರೋದು ಎಂಟು ಬಿಟ್‌ನ ಪೂರ್ಣಾಂಕ, ಮೇಡಂ. ಕೂಡಿದ್ರೆ ಸುತ್ತು ಹೊಡೀತಿದೆ."

ಕೆಲಸ ಹೋಯಿತೆಂದುಕೊಂಡೆ.

"ಅಯ್ಯೋ ದೇವರೇ," ಎಂದರು. "ಟ್ರೇಟಿಗೆ ಇನ್ನೊಂದು ಷರತ್ತು ಹಾಕು. ಕೂಡುವ ಮೊದಲು ಪ್ರತಿ ಸಂಖ್ಯೆಯೂ ಹೆಚ್ಚು ಜಾಗದ ಬಗೆಗೆ ಬದಲಾಗ್ಬೇಕು, ಹಾಗೆ ಆಗ್ಲಿಕ್ಕೆ ಬಾರದ್ದು ಒಳಗೇ ಬರ್ಬಾರ್ದು. ನೀನೇ ಬರಿ, ನಾನು ನೋಡ್ತೇನೆ."

ಕೂತೆ. ಒಂದು ಸಾಲು ಬರೆದು ಮತ್ತೆ ಬಾಗಿಲಿನ ಮುಳ್ಳಿನ ಕಡೆ ತಿರುಗಿದೆ.

"ನೀವು ಬರೀರಿ," ಎಂದರು ಆಂಟಿ, ಬಾಗಿಲಿಂದ ಕಣ್ಣು ತೆಗೆಯದೆ. "ನಾನು ಮುಳ್ಳು ನೋಡ್ತಿರ್ತೀನಿ."